ರೋಗಿಯ ಕೈ ಹಿಡಿಯೋ ಮುನ್ನ ನಿಮ್ಮ ಕೈ ತೊಳೀರಿ

ಊರಲ್ಲಿ ಅಪ್ಪನನ್ನೋ ಅಮ್ಮನನ್ನೋ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂದರೆ, ಬೆಂಗಳೂರಿನಲ್ಲಿರೋ ಶಿವಮೊಗ್ಗದವರು ರಾತ್ರಿ ಬಸ್ಸೋ ರೈಲೋ ಹಿಡಿಯಬೇಕಿತ್ತು. 2023ರಲ್ಲಿ ಸೋಗಾನೆಗೆ ವಿಮಾನ ಬಂತು. ಈಗ ಅಲ್ಲಿ ಇಳಿದು ನೇರ ವಾರ್ಡಿಗೆ ಹೋಗಿ, ಹಾಸಿಗೆ ತುದಿಯಲ್ಲಿ ಕೂತು, ಅವರ ಕೈ ಹಿಡಿದುಕೊಳ್ಳುತ್ತೇವೆ. ದಾರಿಯುದ್ದಕ್ಕೂ ಏನೇನೋ ಮುಟ್ಟಿದ ಕೈ ಅದು.

ಬ್ಯಾಕ್ಟೀರಿಯಾಗಳೂ ನಮ್ಮ ಜೊತೆ ಪ್ರಯಾಣ ಮಾಡುತ್ತವೆ. 2016ರ ಆಗಸ್ಟ್‌ನಲ್ಲಿ ಭಾರತದಿಂದ ಅಮೆರಿಕದ ನೆವಾಡಾಗೆ ಮರಳಿದ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅಲ್ಲಿ ಆಸ್ಪತ್ರೆ ಸೇರಿದರು. ತೊಡೆ ಮೂಳೆ ಮುರಿದು, ಹಿಂದೆ ಭಾರತದಲ್ಲೂ ಹಲವು ಸಲ ಆಸ್ಪತ್ರೆಯಲ್ಲಿದ್ದವರು. ಅವರಿಗೆ ತಗುಲಿದ್ದ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾವನ್ನು 26 ಆಂಟಿಬಯಾಟಿಕ್‌ಗಳ ಮೇಲೆ ಪರೀಕ್ಷಿಸಿದರು. ಒಂದಕ್ಕೂ ಅದು ಬಗ್ಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಕೆ ತೀರಿಕೊಂಡರು.

ಹೀಗ್ಯಾಕಾಗುತ್ತೆ? ಔಷಧಿ ಬಿದ್ದಾಗ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ತಡೆದುಕೊಂಡವು ಉಳಿದು ಬೆಳೆಯುತ್ತವೆ. ತಡೆದುಕೊಳ್ಳೋ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸುತ್ತವೆ, ನಾವು ಕೋಡ್ ಕಾಪಿ-ಪೇಸ್ಟ್ ಮಾಡಿದ ಹಾಗೆ. ಐಸಿಯುನಲ್ಲಿ ಔಷಧಿ ಬಳಕೆ ಜಾಸ್ತಿ, ರೋಗಿಯ ಶಕ್ತಿ ಕಡಿಮೆ. ಮೂತ್ರದ ಟ್ಯೂಬು, ಉಸಿರಾಟದ ಟ್ಯೂಬು, ಡ್ರಿಪ್ಪಿನ ಸೂಜಿ ಎಲ್ಲವೂ ಒಳಗೆ ಹೋಗೋ ದಾರಿಗಳೇ. 2019ರಲ್ಲಿ ಇಂಥ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನೋದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು.

ಆಸ್ಪತ್ರೆಯವರ ಜವಾಬ್ದಾರಿ ದೊಡ್ಡದು, ನಿಜ. ಆದರೆ ನಮ್ಮ ಕೈಯಲ್ಲೂ ಒಂದಿಷ್ಟಿದೆ. ರೋಗಿಯನ್ನು ಮುಟ್ಟೋ ಮುಂಚೆ, ಮುಟ್ಟಿದ ಮೇಲೆ ಸ್ಯಾನಿಟೈಸರ್ ಹಚ್ಚಿ. ಹಾಸಿಗೆ ಮೇಲೆ ಕೂರಬೇಡಿ, ಟ್ಯೂಬುಗಳನ್ನು ಮುಟ್ಟಬೇಡಿ. ನೆಗಡಿ-ಕೆಮ್ಮು ಇದ್ದರೆ ವಿಡಿಯೋ ಕಾಲ್ ಸಾಕು. ಡಾಕ್ಟರ್ ಹತ್ತಿರ ಎರಡು ಪ್ರಶ್ನೆ ಕೇಳೋಕೆ ಸಂಕೋಚ ಬೇಡ: "ಕಲ್ಚರ್ ಟೆಸ್ಟ್ ಕಳಿಸಿದ್ದೀರಾ? ಈ ಟ್ಯೂಬು ಇನ್ನೂ ಬೇಕಾ?" ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಕಲ್ಚರ್ ಟೆಸ್ಟ್ ಹೇಳುತ್ತೆ. ಬೇಡವಾದ ಟ್ಯೂಬು ಬೇಗ ತೆಗೆದಷ್ಟೂ ಸೋಂಕಿನ ಅಪಾಯ ಕಡಿಮೆ.

ಇನ್ನೊಂದು ಕೆಲಸ ಮನೆಯಲ್ಲೇ ಇದೆ. ನೆಗಡಿ ಬರೋದು ವೈರಸ್‌ನಿಂದ, ಅದಕ್ಕೆ ಆಂಟಿಬಯಾಟಿಕ್ ನಾಟೋದೇ ಇಲ್ಲ. ಮಾತ್ರೆ ಪಟ್ಟಿ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ತಗೋಬೇಡಿ. ಹೋದ ಸಲ ಮಿಕ್ಕಿದ ಮಾತ್ರೆಯನ್ನು ಅಮ್ಮನಿಗೆ ಕೊಡಬೇಡಿ. ಒಂದು ದಿನ ಅವರಿಗೆ ನಿಜವಾಗಲೂ ಆ ಔಷಧಿ ಬೇಕಾದಾಗ, ಅದು ಕೆಲಸ ಮಾಡಬೇಕಲ್ಲ?