ಕನ್ನಡ ಸಂಶೋಧಕರಿಗೆ ಜರ್ಮನ್: ಆರಂಭಿಕ ಕಲಿಕೆಯ ಗ್ರಂಥಗಳು ಮತ್ತು ಅಂತರ್ಜಾಲ ಸಾಮಗ್ರಿಗಳ ಆಯ್ಕೆ

ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಅಧ್ಯಯನದಲ್ಲಿ ತೊಡಗಿದವರಿಗೆ ಇದು ಅಪರಿಚಿತ ಸಂಗತಿಯಲ್ಲ. ಆದರೆ ಅದೇ ಕಿಟೆಲ್ 1876ರಲ್ಲಿ ಅದೇ ಮಂಗಳೂರಿನಲ್ಲಿ ಪ್ರಕಟಿಸಿದ, ಭಾರತದಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತ ಪುಸ್ತಿಕೆ ಜರ್ಮನ್ ಭಾಷೆಯಲ್ಲಿದೆ. ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು 1848ರಲ್ಲಿ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನ, ಹೆರ್ಮನ್ ಮೋಗ್ಲಿಂಗ್ 1860ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಹಾಡುಗಳ ಅನುವಾದ, 1866ರಲ್ಲಿ ಬಾಸೆಲ್‌ನಲ್ಲಿ ಹೊರಬಂದ ಕೊಡಗನ್ನು ಕುರಿತ ಗ್ರಂಥ ಇವೆಲ್ಲವೂ ಜರ್ಮನ್ನಿನಲ್ಲಿವೆ. ಈ ಪರಂಪರೆ ಹತ್ತೊಂಬತ್ತನೆಯ ಶತಮಾನಕ್ಕೆ ಮುಗಿದುದಲ್ಲ. ತುಳುನಾಡಿನ ಭೂತಾರಾಧನೆಯ ಪಠ್ಯ ಮತ್ತು ಆಚರಣೆಗಳನ್ನು ಕುರಿತ ಹೈಡ್ರೂನ್ ಬ್ರೂಕ್ನರ್ ಅವರ 1995ರ ಗ್ರಂಥವೂ ಜರ್ಮನ್ನಿನಲ್ಲಿಯೇ ಇದೆ.

ಜರ್ಮನ್ ಬಾರದ ಸಂಶೋಧಕ ಇವುಗಳನ್ನು ಇಂಗ್ಲಿಷ್ ಸಾರಾಂಶ ಅಥವಾ ಅನುವಾದಗಳ ಮೂಲಕವೇ ತಿಳಿಯಬೇಕಾಗುತ್ತದೆ. ಅನುವಾದಗೊಳ್ಳದ ಭಾಗ ಅವನ ಪಾಲಿಗೆ ಇಲ್ಲದಂತೆಯೇ ಸರಿ. ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಾಪಕರು ಹಾಗೂ ಸಂಶೋಧಕರು ಜರ್ಮನ್ ಕಲಿಕೆಯನ್ನು ಆರಂಭಿಸುವಾಗ ಯಾವ ಗ್ರಂಥಗಳನ್ನು, ಯಾವ ಅಂತರ್ಜಾಲ ಸಾಮಗ್ರಿಗಳನ್ನು, ಯಾವ ಮಾನದಂಡದಿಂದ ಆರಿಸಿಕೊಳ್ಳಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಉದ್ದೇಶದ ನಿರ್ಣಯ

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟ್‌ನಲ್ಲಿ ನೆಲೆಸಿರುವ ಕನ್ನಡ ಅಧ್ಯಾಪಕರೊಬ್ಬರನ್ನು ನಿದರ್ಶನವಾಗಿ ಭಾವಿಸಬಹುದು. ಜರ್ಮನ್ ಬೋಧನೆಯ ಪ್ರಮುಖ ಸಂಸ್ಥೆಯಾದ ಗೋಯ್ತೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಇರುವುದು ನಗರದ ಪೂರ್ವ ದಿಕ್ಕಿನ ಇಂದಿರಾನಗರದಲ್ಲಿ. ಗೊರಗುಂಟೆಪಾಳ್ಯದಿಂದ ಮೆಟ್ರೋದ ಹಸಿರು ಮಾರ್ಗ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಅಲ್ಲಿಗೆ ತಲುಪಬಹುದು. ಆದರೆ ಕಾಲೇಜಿನ ಪಾಠ, ಮೌಲ್ಯಮಾಪನ, ಮನೆಯ ಹೊಣೆಗಳ ನಡುವೆ ವಾರಕ್ಕೆ ಹಲವು ಬಾರಿ ಈ ಪ್ರಯಾಣ ಎಲ್ಲರಿಗೂ ಸಾಧ್ಯವಾಗದು. ಹೀಗಾಗಿ ಸ್ವಾಧ್ಯಾಯದ ಸಾಮಗ್ರಿಯ ಆಯ್ಕೆಯೇ ಕಲಿಕೆಯ ಫಲವನ್ನು ನಿರ್ಧರಿಸುತ್ತದೆ.

ಅದೇ ಬಡಾವಣೆಯಿಂದ ಶುಶ್ರೂಷೆಯ ವೃತ್ತಿಗಾಗಿಯೋ ಉನ್ನತ ವ್ಯಾಸಂಗಕ್ಕಾಗಿಯೋ ಜರ್ಮನಿಗೆ ಹೊರಡುವ ತರುಣರಿಗೆ ಬೇಕಾದ ಜರ್ಮನ್ ಬೇರೆ, ಈ ಅಧ್ಯಾಪಕರಿಗೆ ಬೇಕಾದ ಜರ್ಮನ್ ಬೇರೆ. ಯುರೋಪಿನ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸಿದೆ. ಈ ಹಂತಗಳ ಪರೀಕ್ಷೆಗಳು ಆಲಿಸುವಿಕೆ, ಓದು, ಬರೆಹ, ಮಾತು ಎಂಬ ನಾಲ್ಕು ಕೌಶಲಗಳನ್ನೂ ಅಳೆಯುತ್ತವೆ. ಉದ್ಯೋಗಾರ್ಥಿಗೆ ಇವು ನಾಲ್ಕೂ ಅನಿವಾರ್ಯ. ಸಂಶೋಧಕನಿಗಾದರೋ ಓದು ಮೊದಲು, ಉಳಿದವು ಅನಂತರ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಪಠ್ಯಗಳು ಬಹುಪಾಲು ಮೊದಲನೆಯ ವರ್ಗದವರನ್ನು ಲಕ್ಷಿಸಿದವು. ಈ ಭೇದವನ್ನು ಗಮನಿಸದೆ ಪುಸ್ತಕ ಕೊಂಡವರು ಅಂಗಡಿಯಲ್ಲಿ ರೊಟ್ಟಿ ಕೇಳುವುದನ್ನು ಕಲಿತೂ ಮೋಗ್ಲಿಂಗ್‌ನ ಒಂದು ವಾಕ್ಯವನ್ನು ಬಿಡಿಸಲಾರದೆ ನಿಲ್ಲುತ್ತಾರೆ.

2. ಕನ್ನಡ ವ್ಯಾಕರಣವೆಂಬ ಸೇತುವೆ

ಲಭ್ಯ ಪಠ್ಯಗಳಲ್ಲಿ ಕೆಲವು ಪೂರ್ಣವಾಗಿ ಜರ್ಮನ್ನಿನಲ್ಲಿವೆ, ಉಳಿದವು ಬಹುತೇಕ ಇಂಗ್ಲಿಷ್ ಮೂಲಕ ಬೋಧಿಸುತ್ತವೆ. ಇಂಗ್ಲಿಷ್ ಮೂಲಕ ಕಲಿಯುವಾಗ ಕನ್ನಡಿಗನಿಗೆ ಸಹಜವಾಗಿರುವ ಅನುಕೂಲಗಳು ಮರೆಯಾಗುವ ಸಂಭವವಿದೆ. ಕೆಲವು ನಿದರ್ಶನಗಳನ್ನು ಗಮನಿಸಬಹುದು.

ಜರ್ಮನ್ನಿನಲ್ಲಿ ನಾಲ್ಕು ವಿಭಕ್ತಿಗಳಿವೆ: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. 'ನನಗೆ ಚಳಿ' ಎಂಬುದು ಜರ್ಮನ್ನಿನಲ್ಲಿ 'ಮಿಯರ್ ಇಸ್ಟ್ ಕಲ್ಟ್' ಎಂದಾಗುತ್ತದೆ. ಇಲ್ಲಿ 'ಮಿಯರ್' ಎಂದರೆ 'ನನಗೆ'. ಇಂಗ್ಲಿಷ್ ಇದೇ ಭಾವವನ್ನು 'ನಾನು' ಎಂಬ ಪ್ರಥಮಾ ರೂಪದಿಂದ ಹೇಳುತ್ತದೆ. 'ಅವನಿಗೆ ಸಹಾಯಮಾಡು' ಎಂಬಲ್ಲಿ ಕನ್ನಡದಂತೆ ಜರ್ಮನ್ನಿನಲ್ಲಿಯೂ ಚತುರ್ಥಿಯೇ ಬರುತ್ತದೆ. 'ನೀನು', 'ನೀವು' ಎಂಬ ಭೇದಕ್ಕೆ ಸಂವಾದಿಯಾಗಿ 'ಡು', 'ಝೀ' ಎಂಬ ರೂಪಗಳಿವೆ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದನ್ನು ಇಂಗ್ಲಿಷ್ ಪಠ್ಯಗಳು ದೊಡ್ಡ ತೊಡಕೆಂಬಂತೆ ವಿವರಿಸುತ್ತವೆ. ಕ್ರಿಯಾಪದವನ್ನು ಕೊನೆಗಿಡುವುದೇ ರೂಢಿಯಾಗಿರುವ ಕನ್ನಡಿಗನಿಗೆ ಅದು ತೊಡಕಲ್ಲ. ಪ್ರಧಾನ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ನಿಲ್ಲುವುದೇ ಅವನು ಅಭ್ಯಾಸ ಮಾಡಬೇಕಾದ ಸಂಗತಿ. ಉಚ್ಚಾರಣೆಯಲ್ಲಿಯೂ ಇಂತಹ ಅನುಕೂಲವಿದೆ. 'ಓಫೆನ್' ಎಂದರೆ ಒಲೆ, 'ಒಫೆನ್' ಎಂದರೆ ತೆರೆದ. ಈ ಹ್ರಸ್ವ ದೀರ್ಘ ಭೇದವನ್ನು ಕನ್ನಡ ಲಿಪಿ ತಾನಾಗಿಯೇ ತೋರಿಸುತ್ತದೆ.

ಸಾದೃಶ್ಯಕ್ಕೆ ಮಿತಿಯೂ ಇದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸಿದರೆ ಜರ್ಮನ್ನಿನಲ್ಲಿ ಅದು ಶಬ್ದನಿಷ್ಠ. ಹುಡುಗಿ ಎಂಬ ಅರ್ಥದ 'ಮೇಟ್ಶೆನ್' ಅಲ್ಲಿ ನಪುಂಸಕ. ಇಲ್ಲಿ ಸಂಸ್ಕೃತದ ತಿಳಿವಳಿಕೆ ನೆರವಿಗೆ ಬರುತ್ತದೆ. ಪತ್ನಿ ಎಂಬ ಒಂದೇ ಅರ್ಥದಲ್ಲಿ 'ಭಾರ್ಯಾ' ಸ್ತ್ರೀಲಿಂಗ, 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ ಆಗಿರುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. 'ಶಾಲೆಗೆ ಹೋದನು' ಎಂಬಲ್ಲಿ ಕನ್ನಡ ಚತುರ್ಥಿಯನ್ನು ಬಳಸುತ್ತದೆ. 'ಇನ್' ಎಂಬ ಅವ್ಯಯದೊಡನೆ ಜರ್ಮನ್ ಇದನ್ನೇ ದ್ವಿತೀಯೆಯಲ್ಲಿ ಹೇಳುತ್ತದೆ. ಸಂಸ್ಕೃತದ 'ಗ್ರಾಮಂ ಗಚ್ಛತಿ' ಎಂಬ ಪ್ರಯೋಗ ಇದಕ್ಕೆ ಹತ್ತಿರವಾದುದು. ಇಪ್ಪತ್ತೊಂದನ್ನು ಜರ್ಮನ್ 'ಒಂದು ಮತ್ತು ಇಪ್ಪತ್ತು' ಎಂದು ಹೇಳುತ್ತದೆ. 'ಏಕವಿಂಶತಿ'ಯ ಕ್ರಮವೂ ಅದೇ.

ಆದುದರಿಂದ ಪಠ್ಯವನ್ನು ಆರಿಸುವಾಗ ಮೂರು ಅಂಶಗಳನ್ನು ಪರೀಕ್ಷಿಸಬೇಕು. ವಿಭಕ್ತಿ ರೂಪಗಳು ಪೂರ್ಣ ಕೋಷ್ಟಕಗಳಲ್ಲಿವೆಯೇ? ಪ್ರತಿ ನಾಮಪದದೊಡನೆ ಲಿಂಗ ಮತ್ತು ಬಹುವಚನ ರೂಪವನ್ನು ಕೊಡಲಾಗಿದೆಯೇ? ಅಭ್ಯಾಸಗಳಿಗೆ ಉತ್ತರಗಳಿವೆಯೇ? ಅಧ್ಯಾಪಕರ ನೆರವಿಲ್ಲದೆ ಕಲಿಯುವವರಿಗೆ ಮೂರನೆಯದು ಇಲ್ಲದ ಪುಸ್ತಕ ಪ್ರಯೋಜನಕ್ಕೆ ಬಾರದು.

3. ಗ್ರಂಥಗಳ ಆಯ್ಕೆ

ತರಗತಿಗಳಲ್ಲಿ ಬಳಕೆಯಲ್ಲಿರುವ 'ನೆಟ್ಸ್‌ವೆರ್ಕ್ ನೊಯ್', 'ಮೆನ್ಶೆನ್', 'ಸ್ಟುಡಿಯೋ' ಮುಂತಾದ ಮಾಲೆಗಳು ಸಂಭಾಷಣೆಯನ್ನು ಕೇಂದ್ರವಾಗಿಟ್ಟುಕೊಂಡವು. ಧ್ವನಿಮುದ್ರಿಕೆಗಳೊಡನೆ ಬರುವ ಇವು ಉಚ್ಚಾರಣೆಗೆ ಉತ್ತಮ ಆಧಾರ. ಇಂತಹ ಮಾಲೆಗಳಲ್ಲಿ ಯಾವುದಾದರೊಂದರ ಎ1 ಭಾಗವನ್ನು ಪೂರ್ಣವಾಗಿ ಓದುವುದು ಲೇಸು. ಎರಡು ಮೂರು ಮಾಲೆಗಳನ್ನು ಒಟ್ಟಿಗೆ ಹಿಡಿಯುವುದರಿಂದ ಶಬ್ದಸಂಪತ್ತು ಚದುರುತ್ತದೆ. ಜೊತೆಗೆ 'ಗ್ರಮಾಟಿಕ್ ಆಕ್ಟೀಫ್' ಎಂಬ ಅಭ್ಯಾಸ ವ್ಯಾಕರಣವನ್ನು ಇಟ್ಟುಕೊಳ್ಳಬಹುದು. ಡ್ರೇಯರ್ ಮತ್ತು ಶ್ಮಿಟ್ ಅವರ ವ್ಯಾಕರಣವೂ, ಮಾರ್ಟಿನ್ ಡರೆಲ್ ಪರಿಷ್ಕರಿಸಿದ 'ಹ್ಯಾಮರ್ಸ್ ಜರ್ಮನ್ ಗ್ರಾಮರ್ ಅಂಡ್ ಯೂಸೇಜ್' ಎಂಬ ಆಕರಗ್ರಂಥವೂ ಮುಂದಿನ ಹಂತದವು. ಆರಂಭದಲ್ಲಿಯೇ ಇವುಗಳಿಗೆ ಕೈಹಾಕಬೇಕಾಗಿಲ್ಲ.

ಸಂಶೋಧಕರಿಗೆ ನೇರವಾಗಿ ಒದಗುವುದು ಓದುವ ಜರ್ಮನ್ನಿಗೆಂದೇ ರಚಿತವಾದ ಗ್ರಂಥಗಳು. ಏಪ್ರಿಲ್ ವಿಲ್ಸನ್ ಅವರ 'ಜರ್ಮನ್ ಕ್ವಿಕ್‌ಲಿ', ಸ್ಯಾಂಡ್‌ಬರ್ಗ್ ಮತ್ತು ವೆಂಡೆಲ್ ಅವರ 'ಜರ್ಮನ್ ಫಾರ್ ರೀಡಿಂಗ್' ಈ ವರ್ಗದವು. ವಾಕ್ಯವನ್ನು ಬಿಡಿಸುವುದು, ಕ್ರಿಯಾಪದವನ್ನು ಗುರುತಿಸುವುದು, ದೀರ್ಘ ಸಮಾಸಗಳನ್ನು ವಿಗ್ರಹಿಸುವುದು ಇವುಗಳ ಮುಖ್ಯ ಗುರಿ. ಇಂಗ್ಲಿಷ್‌ನಲ್ಲಿ ಬರೆದ ಗ್ರಂಥಗಳಾದರೂ ಅಂಚಿನಲ್ಲಿ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಗುರುತಿಸಿಕೊಂಡು ಓದಿದರೆ ಇವು ಹೆಚ್ಚು ಫಲಕಾರಿಯಾಗುತ್ತವೆ.

4. ಅಂತರ್ಜಾಲ ಸಾಮಗ್ರಿಗಳು

ಡಾಯ್ಚ ವೆಲೆ ಸಂಸ್ಥೆಯ 'ನೀಕೋಸ್ ವೇಗ್' ಎಂಬ ದೃಶ್ಯಮಾಲೆ ಎ1ರಿಂದ ಬಿ1ರವರೆಗಿನ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ. ಪುಸ್ತಕ ಕೊಡಲಾಗದ ಧ್ವನಿಯನ್ನು ಇದು ಕೊಡುತ್ತದೆ. ಕನ್ನಡದಲ್ಲಿಲ್ಲದ ಕೆಲವು ಸ್ವರಗಳನ್ನು ಕಿವಿಯಿಂದಲೇ ಕಲಿಯಬೇಕಾದುದರಿಂದ ಮೊದಲ ತಿಂಗಳುಗಳಲ್ಲಿ ಇದು ಅವಶ್ಯಕ.

ಕೋಶಗಳಲ್ಲಿ ಡೂಡೆನ್ ಮತ್ತು ಬರ್ಲಿನ್-ಬ್ರಾಂಡೆನ್‌ಬುರ್ಗ್ ಅಕಾಡೆಮಿಯ ಡಿಜಿಟಲ್ ಕೋಶ ಆಧುನಿಕ ಜರ್ಮನ್ನಿಗೆ ವಿಶ್ವಾಸಾರ್ಹ. ಮಿಷನರಿಗಳ ಕಾಲದ ಅರ್ಥಗಳಿಗೆ ಗ್ರಿಮ್ ಸಹೋದರರು ಆರಂಭಿಸಿದ ಕೋಶವನ್ನು ನೋಡಬೇಕು. 1854ರಲ್ಲಿ ಮೊದಲ ಸಂಪುಟ ಹೊರಬಂದು 1961ರಲ್ಲಿ ಪೂರ್ಣಗೊಂಡ ಈ ಬೃಹತ್ಕೋಶ ಅಂತರ್ಜಾಲದಲ್ಲಿ ಮುಕ್ತವಾಗಿದೆ. ಮೇಲೆ ಹೇಳಿದ ಪ್ರಾಚ್ಯ ಸಂಘದ ಪತ್ರಿಕೆಯ ಹಳೆಯ ಸಂಪುಟಗಳು ಜರ್ಮನಿಯ ಹಾಲೆ ನಗರದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಯಂತ್ರಾನುವಾದ ಇಂದು ಕೈಗೆಟುಕುವಂತಿರುವಾಗ ಭಾಷೆಯನ್ನೇ ಕಲಿಯಬೇಕೆ ಎಂಬ ಪ್ರಶ್ನೆ ಸಹಜ. ಹಳೆಯ ಮುದ್ರಣದ ಅಕ್ಷರವನ್ನು ಯಂತ್ರ ತಪ್ಪಾಗಿ ಓದಿದಾಗಲೂ ಅದರಿಂದ ಹೊರಬರುವ ಅನುವಾದ ನಿರರ್ಗಳವಾಗಿಯೇ ಇರಬಹುದು. ಮೂಲವನ್ನು ಓದಬಲ್ಲವನಿಗೆ ಮಾತ್ರ ಆ ತಪ್ಪು ಕಾಣುತ್ತದೆ. ಪರಿಶೀಲಿಸಲಾಗದ ಅನುವಾದವನ್ನು ಸಂಶೋಧನೆಯ ಆಕರವೆನ್ನಲಾಗದು.

5. ಹಳೆಯ ಮುದ್ರಣದ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪ್ರಕಟಣೆಗಳಲ್ಲಿ ಹಲವು 'ಫ್ರಾಕ್ಟೂರ್' ಎಂಬ ಅಚ್ಚಿನ ಮಾದರಿಯಲ್ಲಿವೆ. ಅದರಲ್ಲಿ 'ಸ' ಧ್ವನಿಯ ಉದ್ದನೆಯ ಅಕ್ಷರ 'ಫ' ಧ್ವನಿಯ ಅಕ್ಷರವನ್ನು ಹೋಲುತ್ತದೆ. 1901ರ ಕಾಗುಣಿತ ಸಮ್ಮೇಳನಕ್ಕೆ ಹಿಂದಿನ ಬರೆಹದಲ್ಲಿ ಇಂದು ಕೈಬಿಟ್ಟಿರುವ ಅಕ್ಷರಗಳು ಹಲವೆಡೆ ಕಾಣುತ್ತವೆ. 1996ರ ಸುಧಾರಣೆಯೂ ಕೆಲವು ರೂಪಗಳನ್ನು ಬದಲಿಸಿತು. ಇಂದಿನ ಕಾಗುಣಿತವನ್ನಷ್ಟೇ ಬಲ್ಲವರು ಕೋಶದಲ್ಲಿ ಪದ ಸಿಗದೆ ತೊಳಲುತ್ತಾರೆ. ಶಾಸನಲಿಪಿಯನ್ನೂ ಹಳಗನ್ನಡದ ಱ, ೞಗಳನ್ನೂ ಓದಿ ಬಲ್ಲ ಕನ್ನಡ ಸಂಶೋಧಕರಿಗೆ ಫ್ರಾಕ್ಟೂರ್ ಕೆಲವು ವಾರಗಳ ಅಭ್ಯಾಸದ ವಿಷಯ. ಬಾಸೆಲ್ ಮಿಷನ್ನಿನ ಕೈಬರೆಹದ ಪತ್ರಗಳು ಮಾತ್ರ ಪ್ರತ್ಯೇಕ ತರಬೇತಿಯನ್ನು ಬೇಡುತ್ತವೆ.

ಒಟ್ಟಿನಲ್ಲಿ, ಒಂದು ಎ1 ಪಠ್ಯ, ಒಂದು ಅಭ್ಯಾಸ ವ್ಯಾಕರಣ, ಒಂದು ಉಚಿತ ಧ್ವನಿಮಾಲೆ, ಅನಂತರ ಓದುವ ಜರ್ಮನ್ನಿನ ಒಂದು ಗ್ರಂಥ, ಕೊನೆಗೆ ವೈಗ್ಲೆ ಅಥವಾ ಮೋಗ್ಲಿಂಗ್‌ನ ಒಂದು ಪುಟ ಎಂಬ ಕ್ರಮ ಸಾಧ್ಯವಾದುದು ಮತ್ತು ಮಿತವ್ಯಯದ್ದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಜರ್ಮನ್ ಮಾತೃಭಾಷೆಯ ವಿದ್ವಾಂಸನೊಬ್ಬ ಕನ್ನಡ ವ್ಯಾಕರಣವನ್ನು ಅದರದೇ ಪರಿಭಾಷೆಯಲ್ಲಿ ಅರಿಯಲು ಶ್ರಮಿಸಿದ. ಅದೇ ಪರಿಭಾಷೆಯ ಮೂಲಕ ಜರ್ಮನ್ನನ್ನು ವಿವರಿಸುವ, ಕನ್ನಡಕ್ಕೆ ಸಂಬಂಧಿಸಿದ ಜರ್ಮನ್ ಬರೆಹಗಳಿಂದಲೇ ಪಾಠಗಳನ್ನು ಆಯ್ದ ಒಂದು ಪುಟ್ಟ ಕೈಪಿಡಿಯನ್ನು ಕನ್ನಡ ವಿಭಾಗಗಳು ಸಿದ್ಧಪಡಿಸಿದರೆ, ಇಂಗ್ಲಿಷಿನ ಸುತ್ತುದಾರಿ ತಪ್ಪುತ್ತದೆ. ಕನ್ನಡವನ್ನು ಕುರಿತ ಆ ಬರೆಹಗಳೂ ಕನ್ನಡ ಸಂಶೋಧನೆಯ ನೇರ ಆಕರಗಳಾಗುತ್ತವೆ.