ಸೀಟಿಯ ಮರ್ಯಾದೆ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲಿ ಹಳೆಯದು. ಈಗಿನ ಆಟದ ಬಯಲಿನಲ್ಲಿ ನಿಂತು ನೋಡಿದರೆ ಅದನ್ನು ಸ್ವಲ್ಪ ತಿದ್ದಬೇಕೆನಿಸುತ್ತದೆ. ಸೋತ ತಂಡ ನೆಲವನ್ನು ಬೈಯುವುದಿಲ್ಲ, ತೀರ್ಪುಗಾರನನ್ನು ಬೈಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟವಾಗಲಿ, ಊರಹಬ್ಬದ ಪಂದ್ಯಾಟವಾಗಲಿ, ಕಬಡ್ಡಿ ನಡೆದಲ್ಲಿ ಒಂದಾದರೂ ಜಗಳವಿಲ್ಲದೆ ಮುಗಿಯುವುದು ಅಪರೂಪ. ನಾನು ಕ್ರೀಡಾಪಂಡಿತನಲ್ಲ. ಆಡಿದ್ದೇನೆ, ತಪ್ಪು ಮಾಡಿದ್ದೇನೆ, ಒಮ್ಮೆ ಸೀಟಿ ಹಿಡಿದು ನಿಂತಿದ್ದೇನೆ. ಇಷ್ಟೇ ನನ್ನ ಅರ್ಹತೆ. ಆಟದಲ್ಲಿ ಅನುಚಿತ ನಡತೆ ಎಂದರೇನು, ತೀರ್ಪುಗಾರನ ಕೆಲಸ ಎಂಥದು ಎಂಬುದನ್ನು ನನ್ನ ಸಹಪಾಠಿಗಳಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಗಡಿ ಸೀಮೆಯ ನಮ್ಮ ಹಿರಿಯರು ಈ ಆಟವನ್ನು ಇಂದಿಗೂ ಚೆಡುಗುಡು ಎನ್ನುತ್ತಾರೆ. ಅವರ ಕಾಲದಲ್ಲಿ ಕಡ್ಡಿಯಿಂದ ಎಳೆದ ಒಂದು ಗೆರೆ, ಎರಡು ಗುಂಪು, ಇಷ್ಟಿದ್ದರೆ ಆಟ ನಡೆಯುತ್ತಿತ್ತು. ಈಗ ಎಲ್ಲಕ್ಕೂ ಅಳತೆಯಿದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದಿಂದ ಏಳು ಮಂದಿ ಅಂಕಣಕ್ಕಿಳಿಯುತ್ತಾರೆ. ಒಂದು ದಾಳಿಗೆ 30 ಸೆಕೆಂಡು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಗಿ ಸೇರಿದ ಮೇಲೆ, ಅದರಲ್ಲೂ 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ, ಹಳ್ಳಿಯ ಹುಡುಗರಿಗೂ ಈ ನಿಯಮಗಳ ಪರಿಚಯ ಬಂದಿದೆ. ಆದರೆ ಅಂಕ ಗಳಿಸುವ ನಿಯಮ ಕಲಿತಷ್ಟು ಬೇಗ ನಾವು ನಡತೆಯ ನಿಯಮ ಕಲಿತಿಲ್ಲ.

ನಡತೆಗೂ ನಿಯಮಗಳುಂಟು. ದಾಳಿಗಾರನ ಬಾಯಿ ಮುಚ್ಚಿ ಅಥವಾ ಗಂಟಲು ಅದುಮಿ ಉಸಿರಿನ ಮಾತು ನಿಲ್ಲಿಸುವುದು ತಪ್ಪು. ಎರಡು ಕಾಲುಗಳನ್ನು ಕತ್ತರಿಯಂತೆ ಹೆಣೆದು ಅವನನ್ನು ಕೆಡವುವುದು ತಪ್ಪು. ಕೈಕಾಲು, ಮುಂಡ ಬಿಟ್ಟು ಅಂಗಿ ಜಗ್ಗುವುದು, ಕೂದಲು ಹಿಡಿಯುವುದು ಸಲ್ಲದು. ಜಾರಲೆಂದು ಮೈಗೆ ಎಣ್ಣೆ ಹಚ್ಚಿಕೊಂಡು ಬರುವಂತಿಲ್ಲ. ಉಗುರು ಕತ್ತರಿಸಿರಬೇಕು. ಇವೆಲ್ಲ ಎದುರಾಳಿಯ ಮೈಗೆ ಸಂಬಂಧಿಸಿದವು. ಇನ್ನೊಂದು ಬಗೆಯವು ತೀರ್ಪುಗಾರನ ಮಾನಕ್ಕೆ ಸಂಬಂಧಿಸಿದವು. ತೀರ್ಪಿನ ವಿಷಯವಾಗಿ ಮತ್ತೆ ಮತ್ತೆ ವಾದಿಸುವುದು, ಬೆರಳು ತೋರಿಸಿ ಅಂಕ ಕೇಳುವುದು, ಹೀನಾಯವಾದ ಮಾತಾಡುವುದು, ತೀರ್ಪು ತನ್ನ ಕಡೆಗೆ ವಾಲುವಂತೆ ಒತ್ತಾಯ ತರುವುದು, ಅಂಕಣದ ಹೊರಗಿನಿಂದ ತರಬೇತುದಾರ ಕೂಗಿ ಹೇಳಿಕೊಡುವುದು, ಇವೆಲ್ಲ ಶಿಕ್ಷೆಗೆ ಅರ್ಹವಾದ ತಪ್ಪುಗಳೇ.

ಶಿಕ್ಷೆಗೆ ಮೂರು ಬಣ್ಣದ ಕಾರ್ಡುಗಳಿವೆ. ಹಸಿರು ಕಾರ್ಡು ಎಚ್ಚರಿಕೆ. ಅದೇ ಆಟಗಾರನಿಗೆ ಎರಡನೆಯ ಸಲ ಹಸಿರು ತೋರಿಸಬೇಕಾಗಿ ಬಂದರೆ ಅದು ಹಳದಿಯಾಗುತ್ತದೆ. ಹಳದಿ ಎಂದರೆ ಎರಡು ನಿಮಿಷ ಹೊರಗೆ. ಅವನ ಬದಲಿಗೆ ಬೇರೆಯವನನ್ನು ಇಳಿಸುವಂತಿಲ್ಲ. ತಂಡ ಒಬ್ಬ ಕಡಿಮೆಯಾಗಿಯೇ ಆಡಬೇಕು. ಕೆಂಪು ಎಂದರೆ ಆ ಪಂದ್ಯದಿಂದಲೇ ಹೊರಗೆ. ಒಬ್ಬನ ನಾಲಗೆಯ ಸಾಲವನ್ನು ಉಳಿದವರು ತೀರಿಸಬೇಕೆಂಬುದೇ ಈ ಶಿಕ್ಷೆಯ ತಿರುಳು. ಹಿಮದ ನಾಡಾದ ಕೆನಡಾದಲ್ಲಿ ಹುಡುಗರು ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. ನಮ್ಮ ಲಡಾಖಿನಲ್ಲೂ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆ ಆಟವುಂಟು. ಅಲ್ಲಿಯೂ ತೀರ್ಪುಗಾರನ ಮೇಲೆ ಹಾರಾಡಿದವನಿಗೆ ಎರಡು ನಿಮಿಷದ ಶಿಕ್ಷೆಯಿದೆ. ಪಕ್ಕದ ಕಟ್ಟೆಯೊಳಗೆ ಕೂತು ತನ್ನ ತಂಡ ಒಬ್ಬನಿಲ್ಲದೆ ಒದ್ದಾಡುವುದನ್ನು ಅವನು ನೋಡಬೇಕು. ಮಣ್ಣಿನ ಆಟಕ್ಕೂ ಮಂಜಿನ ಆಟಕ್ಕೂ ಶಿಕ್ಷೆ ಒಂದೇ ಆದದ್ದು ವಿಚಿತ್ರವಾದರೂ ನಿಜ.

ಕಾರ್ಡು ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. 1966ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಅರ್ಜೆಂಟೀನಾದ ನಾಯಕ ರಾಟಿನ್‌ನನ್ನು ಜರ್ಮನಿಯ ತೀರ್ಪುಗಾರರು ಹೊರಗೆ ಹಾಕಿದರು. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರ ಭಾಷೆ ಬಾರದು. ಅವನು ಬಹಳ ಹೊತ್ತು ಮೈದಾನ ಬಿಡಲೇ ಇಲ್ಲ. ಆ ಗೊಂದಲವನ್ನು ಕಂಡ ಕೆನ್ ಆಸ್ಟನ್ ಎಂಬ ಇಂಗ್ಲೆಂಡಿನ ತೀರ್ಪುಗಾರರಿಗೆ ರಸ್ತೆಯ ಸಂಚಾರ ದೀಪಗಳಿಂದ ಕಾರ್ಡಿನ ಆಲೋಚನೆ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಜಾರಿಗೆ ಬಂದವು. ಕನ್ನಡ, ತೆಲುಗು ಎರಡೂ ಓಡಾಡುವ ನಮ್ಮ ಬಯಲುಗಳಿಗೆ ಬಣ್ಣದ ಭಾಷೆ ಎಷ್ಟು ಉಪಕಾರಿ ಎಂಬುದನ್ನು ಹೇಳಬೇಕಾಗಿಲ್ಲ.

ಆದರೆ ಕಾರ್ಡು ಕಂಡದ್ದನ್ನಷ್ಟೇ ಶಿಕ್ಷಿಸಬಲ್ಲದು. ಇದನ್ನು ನಾನು ಕಲಿತ ಬಗೆಯನ್ನು ಹೇಳಲೇಬೇಕಾಗಿದೆ.

ಆಗ ನಾನು ಒಂಬತ್ತನೆಯ ತರಗತಿ. ತಾಲ್ಲೂಕು ಮಟ್ಟದ ಅಂತಿಮ ಪಂದ್ಯ. ಎಡಮೂಲೆಯಲ್ಲಿ ನಿಲ್ಲುತ್ತಿದ್ದೆ. ಪಂದ್ಯ ಮುಗಿಯಲು ಎರಡು ನಿಮಿಷವೂ ಇರಲಿಲ್ಲ, ಅಂಕ ಸಮ. ಎದುರು ಶಾಲೆಯ ಒಬ್ಬ ಸಣಕಲು ಹುಡುಗ ದಾಳಿಗೆ ಬಂದ. ನಾನು ಅವನ ಕಾಲಿಗೆ ಕೈ ಹಾಕುವಷ್ಟರಲ್ಲಿ ತಿರುಗಿದ. ತಿರುಗುವಾಗ ಅವನ ಕಾಲ್ಬೆರಳು ನನ್ನ ಮೊಣಕೈಗೆ ತಗುಲಿತು. ನಡುಗೆರೆ ಮುಟ್ಟಿ ಕೈ ಎತ್ತಿದ. ಧೂಳಿನಲ್ಲಿ ಅಂಪೈರರಿಗೆ ಕಾಣಿಸಲಿಲ್ಲ. ಅವರು ಯಾವುದೋ ಶಾಲೆಯ ದೈಹಿಕ ಶಿಕ್ಷಕರು, ಒಳ್ಳೆಯವರು. ನನ್ನ ಕಡೆ ನೋಡಿ, “ತಾಗಿತೇನಪ್ಪಾ?” ಎಂದರು. ನಾನು, “ಇಲ್ಲ ಸಾರ್” ಎಂದೆ.

ಆ ಹುಡುಗ ಹತ್ತಿರ ಬಂದು, “ತಾಗ್ತು ಸಾರ್, ಅವನಿಗೇ ಗೊತ್ತು, ಕೇಳಿ” ಎಂದು ನನ್ನತ್ತ ಬೆರಳು ತೋರಿಸಿದ. ಹಸಿರು ಕಾರ್ಡು. ಅವನು ಸುಮ್ಮನಾಗಲಿಲ್ಲ. ಧ್ವನಿ ಏರಿತು, ಕಣ್ಣಲ್ಲಿ ನೀರು ಬಂತು. ಹಳದಿ ಕಾರ್ಡು. ಪಂದ್ಯ ಮುಗಿಯುವವರೆಗೂ ಅವನು ಗೆರೆಯಾಚೆ ಕೂತಿದ್ದ. ನಾವು ಒಂದು ಅಂಕದಿಂದ ಗೆದ್ದೆವು. ಗೆಳೆಯರು ನನ್ನನ್ನು ಹೆಗಲ ಮೇಲೆ ಹೊತ್ತರು. ನಿಯಮದ ಪ್ರಕಾರ ಅಂದು ಅನುಚಿತವಾಗಿ ನಡೆದುಕೊಂಡವನು ಅವನು. ನನಗೆ ಸಿಕ್ಕಿದ್ದು ಪ್ರಮಾಣಪತ್ರ. ಮುಂದೆ ಪಿ.ಯು. ಪ್ರವೇಶದ ಅರ್ಜಿಗೆ ಅದನ್ನೇ ಲಗತ್ತಿಸಿದೆ.

ನಮ್ಮದು ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆ. ತಂದೆಯವರು ರುಜು ಹಾಕುವಷ್ಟು ಮಾತ್ರ ಅಕ್ಷರ ಬಲ್ಲವರು. ಗೆದ್ದ ಸುದ್ದಿಯನ್ನು ಅಂದೇ ಹೇಳಿದ್ದೆ. ಗೆದ್ದ ರೀತಿಯನ್ನು ಹೇಳಿದ್ದು ಕಳೆದ ವರ್ಷ, ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಕೂತಿದ್ದಾಗ. ಅವರು ಕೈ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಂದ್ರೆ, ನಿಜ ಹೇಳಿದ್ದಕ್ಕೆ ಆ ಹುಡುಗ ಹೊರಗೆ ಕೂತನೇನೋ?” ಎಂದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ವ್ಯವಹರಿಸಿದವರು ಅವರು. ತಕ್ಕಡಿಯನ್ನು ಬೈದರೆ ತೂಕ ಹೆಚ್ಚುವುದಿಲ್ಲ ಎಂದು ಹೇಳುತ್ತಿದ್ದರು. ತಕ್ಕಡಿಯ ಕೆಳಗೆ ಬೆರಳಿಡುವವನ ವಿಷಯವಾಗಿ ಅಂದು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇದಾದ ಕೆಲವು ತಿಂಗಳಿಗೆ ನಮ್ಮ ಕಡೆಯ ಒಂದು ಹಳ್ಳಿಯ ಹಬ್ಬದಲ್ಲಿ ಸಣ್ಣ ಹುಡುಗರ ಪಂದ್ಯಾಟ ನಡೆಯಿತು. ಅಂಪೈರ್ ಸಾಲದೆಂದು ನನ್ನ ಕೈಗೆ ಸೀಟಿ ಕೊಟ್ಟರು. ಹತ್ತು ನಿಮಿಷದಲ್ಲಿ ನನ್ನ ಗರ್ವ ಇಳಿಯಿತು. ಅಂಪೈರನಾದವನು ಒಂದೇ ದಾಳಿಯಲ್ಲಿ ದಾಳಿಗಾರನ ಉಸಿರಿನ ಮಾತು ಕೇಳಬೇಕು, ಅವನ ಕಾಲು ಬಾಕ್ ಗೆರೆ ದಾಟಿತೇ ನೋಡಬೇಕು, ಹಿಡಿಯುವವರ ಹೆಜ್ಜೆ ಹೊರಗೆರೆ ಮೆಟ್ಟಿತೇ ನೋಡಬೇಕು, ಯಾರು ಯಾರನ್ನು ಎಲ್ಲಿ ಮುಟ್ಟಿದರೆಂದು ನೆನಪಿಡಬೇಕು. ಕಣ್ಣು ಎರಡೇ. ಸುಣ್ಣದ ಗೆರೆಯನ್ನು ಪ್ರೇಕ್ಷಕರ ಕಾಲುಗಳು ಅರ್ಧ ಅಳಿಸಿರುತ್ತವೆ. ದೂರದರ್ಶನದ ಪಂದ್ಯಗಳಲ್ಲಿ ಚಿತ್ರವನ್ನು ನಿಧಾನವಾಗಿ ತಿರುಗಿಸಿ ನೋಡಿ ತೀರ್ಪು ಕೊಡುವ ಅನುಕೂಲ ಹಳ್ಳಿಯ ಬಯಲಿಗಿಲ್ಲ.

ಒಂದು ದಾಳಿಯಲ್ಲಿ ಯಾರದೋ ಕಾಲು ಹೊರಗೆ ಬಿತ್ತೆಂದು ಸೀಟಿ ಊದಿದೆ. ಊದಿದ ಕ್ಷಣದಲ್ಲೇ ಸಂದೇಹ ಬಂತು. ಸುತ್ತ ನಿಂತ ದೊಡ್ಡವರು ಬಾಯಿಗೆ ಬಂದಂತೆ ಕೂಗಿದರು. ಆಗ ನನ್ನ ಮನಸ್ಸಿಗೆ ಬಂದ ಯೋಚನೆಯನ್ನು ಮುಚ್ಚಿಡದೆ ಬರೆಯುತ್ತೇನೆ: ಮುಂದಿನ ದಾಳಿಯಲ್ಲಿ ಈ ತಂಡಕ್ಕೆ ಒಂದು ಅಂಕ ಕೊಟ್ಟು ಸರಿದೂಗಿಸಿಬಿಡೋಣ! ಹೀಗೆ ಹೆದರಿದ ತೀರ್ಪುಗಾರ ಒಂದು ತಪ್ಪನ್ನು ಎರಡು ಮಾಡುತ್ತಾನೆ. ಅಷ್ಟರಲ್ಲಿ ಆ ತಂಡದ ನಾಯಕ, ಹನ್ನೆರಡು ಹದಿಮೂರು ವರ್ಷದ ಪೋರ, ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಯಾರ ಕಾಲು ಹೊರಗೆ ಹೋಯ್ತು?” ಎಂದು ಕೇಳಿದ. ಹೇಳಿದೆ. “ಸರಿ ಅಣ್ಣಾ” ಎಂದು ಹಿಂತಿರುಗಿದ. ಅವನ ಮುಖದಲ್ಲಿ ಒಪ್ಪಿಗೆಯಿರಲಿಲ್ಲ, ಆದರೂ ಹಿಂತಿರುಗಿದ. ಆಮೇಲಿನ ಪ್ರತಿ ದಾಳಿಗೂ ನಾನು ಗೆರೆಗೆ ಇನ್ನಷ್ಟು ಸಮೀಪ ಬಗ್ಗಿ ನಿಂತೆ. ಕೂಗಾಟ ತೀರ್ಪುಗಾರನನ್ನು ಅಂಜುಬುರುಕನನ್ನಾಗಿಯೋ ಹಟಮಾರಿಯನ್ನಾಗಿಯೋ ಮಾಡುತ್ತದೆ. ವಿನಯದ ಪ್ರಶ್ನೆ ಅವನನ್ನು ಎಚ್ಚರಗೊಳಿಸುತ್ತದೆ.

ಗೊಂದಲ ಹಳ್ಳಿಗೆ ಮಾತ್ರ ಮೀಸಲಲ್ಲ. 2022ರಲ್ಲಿ ನಡೆಯಬೇಕಾಗಿದ್ದ ಏಷ್ಯನ್ ಕ್ರೀಡಾಕೂಟ 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆಯಿತು. ಪುರುಷರ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಭಾರತ, ಇರಾನ್ ತಂಡಗಳು 28-28ರಲ್ಲಿ ಸಮವಾಗಿದ್ದವು. ನಮ್ಮ ನಾಯಕ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು. ಇರಾನಿನ ಆಟಗಾರರು ಅವರನ್ನು ಹಿಡಿಯಲು ಅಲ್ಲಿಗೇ ನುಗ್ಗಿದರು. ಲಾಬಿಗೆ ಹೋದವರೆಲ್ಲ ಔಟೇ, ದಾಳಿಗಾರನೊಬ್ಬನೇ ಔಟೇ? ಹಳೆಯ ನಿಯಮ ಒಂದು ಹೇಳುತ್ತಿತ್ತು, ಹೊಸದು ಇನ್ನೊಂದು. ತೀರ್ಪು ಅತ್ತ ಇತ್ತ ತೂಗಾಡಿತು. ಆಟಗಾರರು ಅಂಕಣದಲ್ಲೇ ಕುಳಿತರು. ಒಂದು ಗಂಟೆಯಷ್ಟು ಹೊತ್ತು ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಇದರಿಂದ ಒಂದು ಪಾಠ ಕಲಿಯಬಹುದು. ಯಾವ ನಿಯಮದಂತೆ ಆಡುತ್ತೇವೆಂಬುದು ಆಟಕ್ಕೆ ಮುಂಚೆಯೇ ಎಲ್ಲರಿಗೂ ಸ್ಪಷ್ಟವಾಗಿರಬೇಕು. ಅಸ್ಪಷ್ಟ ನಿಯಮವೇ ಅರ್ಧ ಜಗಳಕ್ಕೆ ತಾಯಿ.

ಇನ್ನರ್ಧ ಜಗಳಕ್ಕೆ ಮದ್ದು ನಿಯಮದ ಪುಸ್ತಕದಲ್ಲಿಲ್ಲ. ಅದನ್ನು ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ. ಆರ್. ವಿಶ್ವನಾಥ್ ತೋರಿಸಿಕೊಟ್ಟಿದ್ದಾರೆ. 1980ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಅವರೇ ಭಾರತದ ನಾಯಕರು. ಬಾಬ್ ಟೇಲರ್ ಕ್ಯಾಚಿತ್ತು ಔಟಾದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್ ಅವರನ್ನು ಹಿಂದಕ್ಕೆ ಕರೆದರು. ಟೇಲರ್ ಬೋಥಮ್ ಜೊತೆ 171 ಓಟಗಳ ಜೊತೆಯಾಟ ಆಡಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಸೋತ ಪಂದ್ಯದ ಅಂಕಗಳನ್ನು ಜನ ಮರೆತಿದ್ದಾರೆ. ಕರೆದ ಕರೆಯನ್ನು ಮರೆತಿಲ್ಲ. ಅಂಪೈರನ ತೀರ್ಪಿಗೆ ಅವರು ಕೂಗಾಡಲಿಲ್ಲ, ತಮಗೆ ನಷ್ಟವಾಗುವ ಸತ್ಯವನ್ನು ತಾವಾಗಿ ನುಡಿದರು. ನಾನು ಒಂಬತ್ತನೆಯ ತರಗತಿಯಲ್ಲಿ ಮಾಡಬೇಕಾಗಿದ್ದುದು ಇದೇ.

ನಾವು ಗೆಲುವಿಗಾಗಿ ಇಷ್ಟು ಹಾತೊರೆಯುವುದಕ್ಕೆ ಕಾರಣವಿಲ್ಲದಿಲ್ಲ. ನನ್ನಂತೆ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿಗೆ ಒಂದು ಪ್ರಮಾಣಪತ್ರವೂ ಆಸ್ತಿಯೇ. ಕ್ರೀಡೆಯ ಮೀಸಲಿನಲ್ಲಿ ಎಲ್ಲಿಯಾದರೂ ಒಂದು ಸ್ಥಾನ ಸಿಕ್ಕೀತೆಂಬ ಆಸೆಯಿರುತ್ತದೆ. ಇದನ್ನು ತಿಳಿಯದೆ ಹುಡುಗರಿಗೆ ಸುಮ್ಮನೆ ನೀತಿ ಹೇಳಿದರೆ ನಾಟದು. ಆದ್ದರಿಂದ ಕೆಲವು ಸಣ್ಣ ಏರ್ಪಾಡುಗಳನ್ನು ಸೂಚಿಸುತ್ತೇನೆ. ಒಂದು ತಾಲ್ಲೂಕಿನ ಅಂತಿಮ ಪಂದ್ಯಕ್ಕೆ ಇನ್ನೊಂದು ತಾಲ್ಲೂಕಿನ ತೀರ್ಪುಗಾರರನ್ನು ಕರೆಸಬೇಕು. ಚಿಂತಾಮಣಿಯ ಪಂದ್ಯಕ್ಕೆ ಗೌರಿಬಿದನೂರಿನವರು ಬಂದರೆ ಪಕ್ಷಪಾತದ ಮಾತೇ ಏಳದು. ಪ್ರೇಕ್ಷಕರಿಗೆ ಗೆರೆಯಿಂದ ಎರಡು ಮಾರು ದೂರ ಹಗ್ಗ ಕಟ್ಟಬೇಕು. ಆಟಕ್ಕೆ ಮುನ್ನ ಎರಡೂ ತಂಡಗಳನ್ನು ಕೂರಿಸಿ ನಡತೆಯ ನಿಯಮಗಳನ್ನು ಕನ್ನಡದಲ್ಲಿ ಓದಬೇಕು, ಬೇಕಾದಲ್ಲಿ ತೆಲುಗಿನಲ್ಲೂ ತಿಳಿಸಬೇಕು. ಸಂದೇಹವಿದ್ದರೆ ನಾಯಕನೊಬ್ಬನೇ ಬಂದು ಕೇಳಬೇಕು. ನಮ್ಮ ಕಾಲೇಜಿನ ಹಿರಿಯ ಆಟಗಾರರು ವರ್ಷಕ್ಕೊಮ್ಮೆಯಾದರೂ ಕಿರಿಯರ ಪಂದ್ಯದಲ್ಲಿ ಸೀಟಿ ಹಿಡಿಯಬೇಕು. ಸೀಟಿ ಹಿಡಿದವನು ಮುಂದೆ ಸೀಟಿಯ ಮೇಲೆ ಹಾರಾಡಲಾರ ಎಂಬುದು ನನ್ನ ಅನುಭವ.

ಆ ಸಣಕಲು ಹುಡುಗನ ಹೆಸರು ನನಗೆ ತಿಳಿಯದು. ಈಗ ಅವನೂ ಯಾವುದೋ ಕಾಲೇಜಿನಲ್ಲಿ ಓದುತ್ತಿರಬಹುದು, ಅಂತರ ಕಾಲೇಜು ಪಂದ್ಯಕ್ಕೆ ನಮ್ಮ ಬಯಲಿಗೇ ಬಂದಿರಲೂಬಹುದು. ಈ ಸಂಚಿಕೆ ಹೇಗಾದರೂ ಅವನ ಕೈಗೆ ಸಿಕ್ಕರೆ, ಅಂದು ತಾಗಿತ್ತು ಎಂದು ಇಲ್ಲಿ ಬರೆದಿದ್ದೇನೆ.