ಹುರುಳಿಕಟ್ಟಿನ ಸಾರು

ಪುಷ್ಯಮಾಸದ ಚಳಿಗೆ ಹುರುಳಿಕಟ್ಟಿನ ಸಾರಿಗಿಂತ ಹಿತವಾದುದಿಲ್ಲವೆಂದು ಇಂದು ನಾನು ಯಾರೊಡನೆಯಾದರೂ ವಾದಿಸಬಲ್ಲೆ. ಬಾಲ್ಯದಲ್ಲಿ ಮಾತ್ರ ಅದರ ಹೆಸರೆತ್ತಿದರೆ ನನಗೆ ಮುನಿಸು. ನಮ್ಮ ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಹುರುಳಿ ಬೇಯುತ್ತಿದ್ದುದು ಎತ್ತುಗಳಿಗಾಗಿ. ಬೆಂದ ಕಾಳು ಕೊಟ್ಟಿಗೆಗೆ, ಬಸಿದ ಕಟ್ಟು ಅಡಿಗೆಮನೆಗೆ. ಎತ್ತಿಗೆ ಬೇಯಿಸಿದ್ದರ ನೀರನ್ನು ನಾವು ಉಣ್ಣುವುದೇ ಎಂಬ ಅಭಿಮಾನ, ಆಗತಾನೆ ಪೇಟೆಯ ಶಾಲೆ ಸೇರಿದ್ದ ನನ್ನದು.

ಒಮ್ಮೆ ಸಹಪಾಠಿಯೊಬ್ಬ ಮನೆಗೆ ಬಂದ. “ಅವ್ವ, ಆ ಸಾರು ಬೇಡ, ಮೊಸರು ಹಾಕು” ಎಂದು ಪಿಸುಗುಟ್ಟಿದೆ. ಅವ್ವ ಮಾತಾಡದೆ ಇಬ್ಬರಿಗೂ ಮುದ್ದೆಯಿಟ್ಟು ಮೊಸರು ಬಡಿಸಿದಳು. ಗೆಳೆಯನೋ ಬೆಳ್ಳುಳ್ಳಿ ಒಗ್ಗರಣೆಯ ಕಂಪು ಹಿಡಿದು, “ಒಲೆಯ ಮೇಲೆ ಏನಮ್ಮಾ ಅದು?” ಎಂದು ಕೇಳಿ, ಮೂರು ಸಲ ಹಾಕಿಸಿಕೊಂಡು ಉಂಡ. ನಾನು ಹಟಕ್ಕೆ ಬಿದ್ದು, ತಣ್ಣನೆಯ ಮೊಸರಿನಲ್ಲೇ ನಡುಗುತ್ತ ಮುಗಿಸಿದೆ. ಅವ್ವ ನನ್ನ ಕಡೆ ನೋಡಲಿಲ್ಲ.

ಕಟ್ಟು ಮಂದವಾಗಿರಬೇಕು, ಹುಣಿಸೆ ಮಿತವಾಗಿರಬೇಕು. ಹುರಿದ ಮೆಣಸು ಜೀರಿಗೆಯೊಡನೆ ಬೆಂದ ಕಾಳನ್ನೇ ಒಂದು ಹಿಡಿ ಅರೆದು ಕೂಡಿಸಬೇಕು. ಮರುದಿನ ಕಾಯಿಸಿದರೆ ರುಚಿ ಇನ್ನೂ ಹೆಚ್ಚು. ಇದೆಲ್ಲ ಅವ್ವ ಹೋದಮೇಲೆ ನಾನಾಗಿ ಕಲಿತದ್ದು. ಈಗ ಪೇಟೆಯ ಮನೆಯಲ್ಲಿ ಕಟ್ಟು ಬಸಿದಾದಮೇಲೆ ಪಾತ್ರೆಯ ತುಂಬ ಕಾಳು ಉಳಿಯುತ್ತದೆ. ಎರಡು ಹೊತ್ತು ಪಲ್ಯ ಮಾಡಿದರೂ ಮುಗಿಯದು. ಎತ್ತುಗಳಿಲ್ಲ.